ಪೆನ್ಸಿಲಿನ ನೀಲಿ ತುದಿ

ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ ಈಗ ಮುಂಬಯಿಯ ದಾದರಿನಲ್ಲೂ ಸಿಗುವುದಿಲ್ಲ. ದಾದರಿನಲ್ಲಿ ಸಿಗದ ವಸ್ತುವೊಂದು ಲೋಕದಲ್ಲಿದೆ ಎಂದು ನಂಬಲು ನಮ್ಮಂಥ ಪರೇಲಿನವರಿಗೆ ಸ್ವಲ್ಪ ಕಷ್ಟವೇ. ಎರಡು ವರ್ಷದ ಹಿಂದೆ ಸ್ಟೇಷನ್ನಿನ ಪಶ್ಚಿಮಕ್ಕಿರುವ ನಾಲ್ಕು ಸ್ಟೇಷನರಿ ಅಂಗಡಿಗಳನ್ನು ಹತ್ತಿಳಿದು, ಹೂವಿನ ಮಾರ್ಕೆಟಿನ ನೂಕುನುಗ್ಗಲಿನಲ್ಲಿ ಅಂಗಿಯ ಇಸ್ತ್ರಿಯನ್ನು ಕಳೆದುಕೊಂಡು, ಐದನೆಯ ಅಂಗಡಿಯಲ್ಲಿ ಕೇಳಿದಾಗ, ಅಂಗಡಿಯಾತ ನನ್ನನ್ನು ಕರುಣೆಯಿಂದ ನೋಡಿ, ಅಂಥದ್ದನ್ನು ತನ್ನ ಅಪ್ಪನ ಕಾಲದಲ್ಲಿ ಹೆಡ್ ಮಾಸ್ತರುಗಳು ಕೊಳ್ಳುತ್ತಿದ್ದರೆಂದೂ ಈಗ ಅವರೆಲ್ಲ ಎಲ್ಲಿ ಹೋದರೋ ತಿಳಿಯದೆಂದೂ ಹೇಳಿದ. ನಾನು ಅವನೆದುರಿಗೇ ನಿಂತಿದ್ದೆ.

ಹುಡುಕಾಟಕ್ಕೆ ಕಾರಣವಿತ್ತು. ನನ್ನ ಮೇಜಿನ ಖಾನೆಯಲ್ಲಿದ್ದ ಪೆನ್ಸಿಲಿನ ಕೆಂಪು ಭಾಗ ಹೆಬ್ಬೆರಳಿನ ಉಗುರಿನಷ್ಟೇ ಉಳಿದಿತ್ತು. ನೀಲಿ ಭಾಗ ಮಾತ್ರ ಒಮ್ಮೆಯೂ ಕೆತ್ತಿಸಿಕೊಳ್ಳದೆ, ಅಂಗಡಿಯಿಂದ ಬಂದ ದಿನದ ಹೊಳಪಿನಲ್ಲೇ ಇತ್ತು. ಪರೇಲಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯ. ಬೆಳಗಿನ ಏಳು ಹತ್ತಕ್ಕೆ ಪ್ರಾರ್ಥನೆಯ ಗಂಟೆಯಾಗುತ್ತಲೇ ಶಿಕ್ಷಕರು ಸಹಿ ಹಾಕುವ ಮಸ್ಟರನ್ನು ನನ್ನ ಕಡೆಗೆ ಎಳೆದುಕೊಂಡು, ಅಲ್ಲಿಯವರೆಗೆ ಬಾರದವರ ಹೆಸರಿನ ಮುಂದೆ ಕೆಂಪಿನಲ್ಲಿ ಒಂದು ಗೆರೆ ಎಳೆಯುವುದು ನನ್ನ ದಿನದ ಮೊದಲ ಕೆಲಸವಾಗಿತ್ತು. ಅದಕ್ಕೆ ಲೇಟ್ ಮಾರ್ಕ್ ಎಂದು ಹೆಸರು. ಮೂರು ಲೇಟ್ ಮಾರ್ಕಿಗೆ ಒಂದು ರಜೆ ಖೋತಾ. ನನ್ನ ಮನೆಯಿಂದ ಶಾಲೆಗೆ ಎಂಟು ನಿಮಿಷದ ನಡಿಗೆ. ಆದ್ದರಿಂದ ಸಮಯಪಾಲನೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟಿನ ಮನುಷ್ಯ.

ಆ ಪೆನ್ಸಿಲನ್ನು ಕೊಟ್ಟವರು ನನಗಿಂತ ಮೊದಲು ಆ ಕುರ್ಚಿಯಲ್ಲಿ ಕುಳಿತಿದ್ದ ನಾಯಕ ಮಾಸ್ತರು. ಅಂಕೋಲೆಯ ಕಡೆಯವರು, ಗಿರಣಿಯ ಸೈರನ್ನಾದ ಭೋಂಗಾ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ಕಾಲದ ಪರೇಲನ್ನು ಕಂಡವರು, ಸೀಮೆಸುಣ್ಣದ ಕಡ್ಡಿಯನ್ನು ಬೆರಳಿಗೆ ಸಿಗದಷ್ಟು ಸಣ್ಣದಾಗುವ ತನಕ ಬಿಡದ ಮಿತವ್ಯಯಿ. ಒಂಬತ್ತು ವರ್ಷದ ಹಿಂದೆ, ನಿವೃತ್ತಿಯ ದಿನ, ಬೀರುವಿನ ಕೀಲಿಕೈಯ ಜೊತೆಗೆ ಹೊಸ ಪೆನ್ಸಿಲೊಂದನ್ನು ನನ್ನ ಅಂಗೈಯಲ್ಲಿಟ್ಟು, “ಎರಡೂ ಬದಿಗೆ ಬರೀತದೆ ಮಾರಾಯಾ, ನೆನಪಿಟ್ಕೋ” ಎಂದಿದ್ದರು. ಮಿತವ್ಯಯದ ಕೊನೆಯ ಉಪದೇಶ ಇದಿರಬೇಕೆಂದುಕೊಂಡು ನಾನು ವಿನಯದಿಂದ ತಲೆಯಾಡಿಸಿದೆ. ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡರು. ಕೇಳಬೇಕಾದದ್ದನ್ನು ಕೇಳಬೇಕಾದವರು ಇರುವಾಗ ಕೇಳದೆ ಇರುವುದು ನನ್ನ ಹಳೆಯ ಚಾಳಿ.

ಐವತ್ತೊಂದನೆಯ ವಯಸ್ಸಿನಲ್ಲಿ ಶಿಕ್ಷಣ ನಿರ್ವಹಣೆಯಲ್ಲಿ ಎಂ.ಎ. ಮಾಡಲು ಹೊರಟದ್ದೇಕೆ ಎಂದು ನೀವು ಕೇಳಿದರೆ, ಜ್ಞಾನದಾಹ ಎಂದು ಹೇಳಿ ಗಂಭೀರವಾಗಿ ಕೂರಬಹುದಿತ್ತು. ನಿಜ ಹೇಳಬೇಕೆಂದರೆ, ನನ್ನ ಕೊಠಡಿಯ ನಾಮಫಲಕದಲ್ಲಿ ಹೆಸರಿನ ಮುಂದೆ ನಾಲ್ಕು ಅಂಗುಲ ಜಾಗ ಖಾಲಿ ಇತ್ತು. “ಈ ಪ್ರಾಯಕ್ಕೆ ಪರೀಕ್ಷೆ ಬರೆದು ನಿಮಗೆ ಎಂತ ಆಗ್ಲಿಕ್ಕುಂಟು?” ಎಂದು ಉಡುಪಿಯ ಕಡೆಯವಳಾದ ನನ್ನ ಹೆಂಡತಿ ಕೇಳಿದಳು. ಪದವಿ ಎಂದರೆ ಡಿಗ್ರಿಯೂ ಹೌದು, ಹುದ್ದೆಯೂ ಹೌದು, ಒಂದು ಪದವಿಯಲ್ಲಿರುವವನಿಗೆ ಇನ್ನೊಂದು ಪದವಿ ಭೂಷಣವೆಂದು ನಾನು ಶ್ಲೇಷೆಯಲ್ಲಿ ಉತ್ತರಿಸಿದೆ. ಆಕೆ ಕುಕ್ಕರಿನ ಸೀಟಿ ಎಣಿಸುತ್ತಿದ್ದುದರಿಂದ ಶ್ಲೇಷೆ ವ್ಯರ್ಥವಾಯಿತು.

ಶಾಲೆಯಲ್ಲಿ ಮಹಾದೇವಿ ಟೀಚರ ಪ್ರಶ್ನೆ ಎದ್ದದ್ದೂ ಅದೇ ವರ್ಷ. ವಿಜಯಪುರದ ಕಡೆಯ ಈಕೆ ಬದಲಾಪುರದಿಂದ ಬರುತ್ತಾರೆ. ಐದರಿಂದ ಏಳರವರೆಗಿನ ತರಗತಿಗಳಿಗೆ ಕನ್ನಡ ಕಲಿಸುತ್ತಾರೆ. ಆಗ ತಾತ್ಕಾಲಿಕ ಹುದ್ದೆಯಲ್ಲಿದ್ದರು. ಇನ್ನೆರಡು ವರ್ಷ ನೋಡಿ, ಖಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂಬುದನ್ನು ಆಡಳಿತ ಮಂಡಳಿ ನನ್ನ ವರದಿಯ ಮೇಲೆ ತೀರ್ಮಾನಿಸುವುದೆಂದಾಗಿತ್ತು. ಕನ್ನಡ ಶಾಲೆಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿರುವ ಈ ಊರಿನಲ್ಲಿ ಇಲ್ಲಿ ಬಿಟ್ಟ ಕನ್ನಡ ಟೀಚರಿಗೆ ಇನ್ನೊಂದು ಕಡೆ ಕೆಲಸ ಸಿಗುವುದು ಅಷ್ಟರಲ್ಲೇ ಇತ್ತು; ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಸ್ಟರಿನಲ್ಲಿ ಅವರ ಸಾಲು ಮಾತ್ರ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕೆಂಪಾಗಿತ್ತು. ನನ್ನ ಪೆನ್ಸಿಲ್ ಸವೆದದ್ದರಲ್ಲಿ ಅರ್ಧ ಪಾಲು ಅವರದೇ ಇರಬೇಕು.

ಎಂ.ಎ. ತರಗತಿಯಲ್ಲಿ ‘ಸಕ್ರಿಯ ಆಲಿಸುವಿಕೆ’ ಎಂಬ ಪಾಠವಾಯಿತು. ಮುಂದಿನ ಸೋಮವಾರವೇ ಅದನ್ನು ಪ್ರಯೋಗಿಸುವ ಉತ್ಸಾಹದಿಂದ ಮಹಾದೇವಿ ಟೀಚರನ್ನು ಕರೆಸಿದೆ. ಮೇಜಿನ ಆಚೆ ಕೂರಬಾರದು ಎಂದಿತ್ತು ಪುಸ್ತಕ. ಕುರ್ಚಿಯನ್ನು ಈಚೆ ಎಳೆದುಕೊಂಡೆ. ಸ್ವಲ್ಪ ಮುಂದಕ್ಕೆ ಬಾಗಬೇಕು ಎಂದಿತ್ತು, ಬಾಗಿದೆ. ಎದುರಿನವರ ಮಾತನ್ನು ಮತ್ತೆ ಅವರಿಗೇ ಹೇಳಬೇಕು ಎಂದಿತ್ತು. ಗಾಡಿ ಲೇಟ್ ಆಯಿತೆಂದು ಅವರು ಹೇಳಿದಾಗ, ಅಂದರೆ ಗಾಡಿ ಲೇಟ್ ಆಯಿತೆಂದು ನೀವು ಹೇಳುತ್ತಿದ್ದೀರಿ ಎಂದೆ. ಆಕೆ, “ಸರ್, ಮೆಮೊ ಕೊಡೋದಿದ್ರ ಹಂಗ ಕೊಟ್ಬಿಡ್ರಿ, ಇಷ್ಟ್ಯಾಕ ಸುತ್ತಾಡ್ತೀರಿ” ಎಂದರು.

ಆಮೇಲೆ ತಾವಾಗಿಯೇ ಹೇಳಿದರು. ಅವರ ಬಿಲ್ಡಿಂಗಿನಲ್ಲಿ ನಳ ಬರುವುದು ಬೆಳಗಿನ ಐದೂಕಾಲಕ್ಕೆ. ನೀರು ತುಂಬದೆ ಬಂದರೆ ಮನೆಯಲ್ಲಿ ದಿನಪೂರ್ತಿ ನೀರಿಲ್ಲ. ತುಂಬಿ ಬಂದರೆ ಹಿಡಿಯಬೇಕಾದ ಲೋಕಲ್ ತಪ್ಪಿ, ಮುಂದಿನದು ಅವರನ್ನು ಏಳು ಹದಿನೇಳಕ್ಕೆ ಶಾಲೆಯ ಗೇಟಿಗೆ ತಂದು ಬಿಡುತ್ತದೆ. ನಾನು ಪೂರ್ತಿ ಆಲಿಸಿದೆ. ಆದರೆ ಆಲಿಸಿದ ಮೇಲೆ ಏನು ಮಾಡಬೇಕೆಂಬುದು ಆ ಪಾಠದಲ್ಲಿರಲಿಲ್ಲ. ಮಾರನೆಯ ದಿನ ಅವರು ಏಳು ಹದಿನೇಳಕ್ಕೆ ಬಂದರು, ನಾನು ಗೆರೆ ಎಳೆದೆ.

ಇತ್ತ ಪ್ರತಿ ಶನಿವಾರ ನನ್ನ ಪಾಡು ಬೇರೆಯೇ ಆಗಿತ್ತು. ಶಾಲೆ ಬಿಡುವುದು ಹನ್ನೆರಡೂವರೆಗೆ; ಕಾಲೇಜಿನ ತರಗತಿ ಒಂದೂಕಾಲಿಗೆ, ಅದೂ ಅಂಧೇರಿಯ ಆಚೆ. ಗಂಟೆ ಹೊಡೆಯುವ ಮೊದಲೇ ಚೀಲ ಹೆಗಲಿಗೇರಿಸಿ, ಪರೇಲಿನಿಂದ ಸ್ಲೋ ಲೋಕಲಿನಲ್ಲಿ ದಾದರಿಗೆ ಬಂದು, ಅಲ್ಲಿನ ಸೇತುವೆಯ ಮೇಲೆ ಎದುರಿನ ಜನಪ್ರವಾಹದಲ್ಲಿ ಮೂರು ಹೆಜ್ಜೆ ಮುಂದೆ ಎರಡು ಹೆಜ್ಜೆ ಹಿಂದೆ ಹೋಗುತ್ತ, ಫಾಸ್ಟ್ ಲೋಕಲಿನಲ್ಲಿ ಅಂಧೇರಿ ಮುಟ್ಟಿ, ರಿಕ್ಷಾದವನ ಕೈಕಾಲು ಹಿಡಿದು ತರಗತಿಯ ಬಾಗಿಲಿಗೆ ಬರುವಾಗ ಒಂದೂ ಇಪ್ಪತ್ತೆರಡಾಗಿರುತ್ತಿತ್ತು. ಹಾಜರಿಯ ಆ್ಯಪ್ ಒಂದೂ ಇಪ್ಪತ್ತಕ್ಕೆ ಮುಚ್ಚಿಕೊಳ್ಳುತ್ತಿತ್ತು. ನನ್ನ ಮಗಳ ವಯಸ್ಸಿನ ಪ್ರಾಧ್ಯಾಪಕಿ, ಮತ್ತೆ ತಡವಾದಿರೆಂದು ಬಹಳ ಮರ್ಯಾದೆಯಿಂದಲೇ, “ಸರ್, ಆಪ್ ಫಿರ್ ಸೆ ಲೇಟ್ ಹೋ” ಎನ್ನುತ್ತಿದ್ದರು. ಗಾಡಿ ಲೇಟ್ ಎಂದು ಹೇಳಲು ಬಾಯಿ ತೆರೆದಾಗಲೆಲ್ಲ ನನಗೆ ವಿಜಯಪುರದ ಧ್ವನಿಯೊಂದು ಕೇಳಿಸಿದಂತಾಗುತ್ತಿತ್ತು. ವರ್ಷದ ಕೊನೆಗೆ ಹಾಜರಿ ಸಾಲದೆ ಬಂದು, ಪರೀಕ್ಷೆಗೆ ಕೂರಬೇಕಾದರೆ ಹೆಚ್ಚುವರಿ ಪ್ರಬಂಧವೊಂದನ್ನು ಬರೆಯಬೇಕೆಂದರು. ವಿಷಯ ಸಮಯ ನಿರ್ವಹಣೆ. ಇಪ್ಪತ್ತು ಪುಟ ಬರೆದು, ಎರಡು ದಿನ ತಡವಾಗಿ ಒಪ್ಪಿಸಿದೆ.

ಆದರೂ ಆ ಶನಿವಾರಗಳನ್ನು ನೆನೆದರೆ ಈಗ ಎದೆ ಮೆತ್ತಗಾಗುತ್ತದೆ. ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗ ಹುಡುಗಿಯರ ನಡುವೆ, ಹಿಂದಿನ ಬೆಂಚಿನ ತುದಿಯಲ್ಲಿ, ಮೊಣಕಾಲು ಎಲ್ಲಿಡುವುದೆಂದು ತಿಳಿಯದೆ ಕೂತಿರುತ್ತಿದ್ದೆ. ಮೊದಲ ತಿಂಗಳು ಅವರಿಗೆ ನಾನು ಅಂಕಲ್. ಎರಡನೆಯ ತಿಂಗಳು ಸರ್. ಆಂತರಿಕ ಪರೀಕ್ಷೆಯಲ್ಲಿ ಅವರಿಗಿಂತ ಕಡಿಮೆ ಅಂಕ ಬಂದ ಮೇಲೆ ಪ್ರೀತಿಯಿಂದ ಬಾಸ್. ತರಗತಿ ಮುಗಿದ ಮೇಲೆ ಎಲ್ಲರೂ ಸೇರಿ ವಡಾಪಾವ್ ತಿನ್ನುತ್ತ ಪ್ರಾಧ್ಯಾಪಕರನ್ನು ಆಡಿಕೊಳ್ಳುತ್ತಿದ್ದೆವು. ಮೂವತ್ತು ವರ್ಷ ಮಕ್ಕಳಿಗೆ ಆಡಿಕೊಳ್ಳಲು ಸಿಕ್ಕವನಿಗೆ ಇದು ಎಷ್ಟು ಹಿತವಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ವರ್ಷ ಪ್ರಬಂಧದ ಸರದಿ. ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ನಾಯಕತ್ವದ ಸ್ವರೂಪ ಎಂಬ ಘನವಾದ ವಿಷಯವನ್ನು ಆರಿಸಿಕೊಂಡೆ. ಪ್ರಾಥಮಿಕ ಆಕರಗಳೆಲ್ಲಿ ಎಂದು ಪ್ರಾಧ್ಯಾಪಕಿ ಕೇಳಿದಾಗ, ನಮ್ಮದು ಪ್ರಾಥಮಿಕ ಶಾಲೆಯೂ ಹೌದು ಎಂದು ಹಾಸ್ಯ ಮಾಡಲು ಹೋಗಿ, ಅದನ್ನು ಹಿಂದಿಗೆ ಅನುವಾದಿಸಲಾಗದೆ, ಹುಡುಕುತ್ತೇನೆ ಎಂದೆ. ಕೊನೆಗೆ, ಕೀಲಿಕೈ ಇದ್ದೂ ಎಂಟು ವರ್ಷ ತೆರೆಯದ ಹಳೆಯ ಬೀರುವನ್ನು ತೆರೆದೆ. ಒಳಗೆ ನಾಯಕ ಮಾಸ್ತರು ಕೈಯಾರೆ ಬರೆದ ದಿನಚರಿಯ ಪುಸ್ತಕಗಳು ವರ್ಷವಾರು ಜೋಡಿಸಿ ದಾರ ಕಟ್ಟಿಕೊಂಡು ಕೂತಿದ್ದವು. ನಾಯಕತ್ವ ಹುಡುಕಲು ಹೊರಟವನಿಗೆ ನಾಯಕರೇ ಸಿಕ್ಕರು.

ದಿನಕ್ಕೊಂದು ಪುಟ. ಪುಟದ ಎಡಕ್ಕೆ ಕೆಂಪಿನಲ್ಲಿ ಯಾರು ಎಷ್ಟು ನಿಮಿಷ ತಡವಾಗಿ ಬಂದರು ಎಂಬುದು. ಅದು ನನಗೂ ಗೊತ್ತಿದ್ದ ವಿದ್ಯೆ. ಬಲಕ್ಕೆ ನೀಲಿಯಲ್ಲಿ ಇನ್ನೊಂದು ಸಾಲು. ಅದೇನೆಂದು ತಿಳಿಯಲು ನಾಲ್ಕು ಪುಟ ತಿರುವಬೇಕಾಯಿತು. ಗಂಟೆ ಹೊಡೆದ ಮೇಲೂ ಯಾರು ಉಳಿದರು, ಎಷ್ಟು ಹೊತ್ತಿಗೆ ಹೋದರು ಎಂಬುದನ್ನು ಅವರು ಬರೆದಿಟ್ಟಿದ್ದರು. ತಿಂಗಳ ಕೊನೆಯ ಪುಟದಲ್ಲಿ ಎರಡೂ ಬಣ್ಣದ ಕೆಳಗೆ ಒಂದೇ ಮಾತು, ‘ರಜೆ ಖೋತಾ ಬೇಡ’. ಎರಡೂ ಬದಿಗೆ ಬರೆಯುತ್ತದೆ ಎಂದು ಅವರು ಹೇಳಿದ್ದು ಪೆನ್ಸಿಲಿನ ಉಳಿತಾಯದ ಮಾತಾಗಿರಲಿಲ್ಲ.

ಆಮೇಲೆ ನಾನು ಕೆಲಸಕ್ಕೆ ಸೇರಿದ ವರ್ಷದ ಪುಸ್ತಕವನ್ನು ಹುಡುಕಿ ಬಿಚ್ಚಿದೆ. ಆಗ ನಾನು ಡೊಂಬಿವಲಿಯಲ್ಲಿ ಸೋದರಮಾವನ ಒಂದೇ ಕೋಣೆಯಲ್ಲಿ ಏಳನೆಯವನಾಗಿ ಇದ್ದೆ. ವಾರಕ್ಕೆ ನಾಲ್ಕು ದಿನ ತಡವಾಗಿ ಬರುತ್ತಿದ್ದೆ; ನನ್ನ ರಜೆ ಎಂದೂ ಕಡಿತವಾಗದಿರಲು ಕ್ಲಾರ್ಕನ ಮರೆವು ಕಾರಣವೆಂದು ಇಷ್ಟು ವರ್ಷ ನಂಬಿದ್ದೆ. ಪುಸ್ತಕದಲ್ಲಿ ನನ್ನ ಹೆಸರಿನ ಎಡಕ್ಕೆ ಬೇಕಾದಷ್ಟು ಕೆಂಪು ಇತ್ತು. ಬಲಕ್ಕೆ ನೀಲಿಯೂ ಇತ್ತು. ಶಾಲೆ ಬಿಟ್ಟ ಮೇಲೆ ನಾನು ಉಳಿಯುತ್ತಿದ್ದದ್ದು ನಿಜ, ಆದರೆ ಮಕ್ಕಳಿಗಾಗಿ ಅಲ್ಲ. ಖಾಲಿ ತರಗತಿಯ ಬೆಂಚಿನ ಮೇಲೆ ಕಾಲು ಚಾಚಿ ನಿದ್ದೆ ಮಾಡಲು. ಒಂದು ಕಡೆ ಮಾಸ್ತರು ಹೀಗೆ ಬರೆದಿದ್ದರು: ‘೨-೧೦. ಮಲಗಿದ್ದಾನೆ. ಮನೆಯಲ್ಲಿ ಜಾಗ ಇಲ್ಲದಿರಬೇಕು.’ ಆ ಮಧ್ಯಾಹ್ನಗಳಲ್ಲಿ ನಾನು ಎದ್ದಾಗ ತಲೆಯ ಮೇಲೆ ಫ್ಯಾನ್ ತಿರುಗುತ್ತಿರುತ್ತಿತ್ತು. ಅದನ್ನು ಹಾಕಿದವರು ಯಾರೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಬೀರುವಿನ ಮುಂದೆ ನೆಲದ ಮೇಲೆ ಕೂತು, ಐವತ್ತೆರಡು ವರ್ಷದ ಹೆಡ್ ಮಾಸ್ತರನೊಬ್ಬ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಮುಂದಿನ ಸೋಮವಾರದಿಂದ ಶುಕ್ರವಾರದವರೆಗೆ, ಗಂಟೆ ಹೊಡೆದ ಮೇಲೂ ನಾನು ಮನೆಗೆ ಹೋಗಲಿಲ್ಲ. ಎಂಟು ವರ್ಷದಲ್ಲಿ ಎಲ್ಲರಿಗಿಂತ ಮೊದಲು ಗೇಟು ದಾಟುತ್ತಿದ್ದವನು ನಾನೇ ಎಂಬುದು ಮೊದಲ ದಿನವೇ ಹೊಳೆಯಿತು. ಒಂದು ದಿನವೂ ಕೆಂಪು ಗೆರೆ ಕಾಣದ ಇಬ್ಬರು ಹನ್ನೆರಡೂವರೆಗೆ ಸರಿಯಾಗಿ ಹೊರಟರು. ಅದು ಅವರ ಹಕ್ಕು. ಮೇಲಿನ ಮಹಡಿಯಿಂದ ಮಕ್ಕಳ ಧ್ವನಿ ಕೇಳಿಸಿತು. ಮಹಾದೇವಿ ಟೀಚರ ಸುತ್ತ ಧಾರಾವಿಯ ಕಡೆಯಿಂದ ಬರುವ ಏಳೆಂಟು ಮಕ್ಕಳು ಕೂತಿದ್ದರು. ಮನೆಯಲ್ಲಿ ಕಲಬುರಗಿಯ ಮಾತು, ಓಣಿಯಲ್ಲಿ ಹಿಂದಿ, ಪುಸ್ತಕದಲ್ಲಿ ಇನ್ನೊಂದು ಕನ್ನಡ, ಇವುಗಳ ನಡುವೆ ದಾರಿ ತಪ್ಪಿದ ಮಕ್ಕಳು. ಒಬ್ಬ ಹುಡುಗಿ ಅಕ್ಷರದ ಕೆಳಗಿನ ಒತ್ತೊಂದರ ಮೇಲೆ ಬೆರಳಿಟ್ಟು, “ಟೀಚರ್, ಯೇ ನೀಚೆವಾಲಾ ಹೆಂಗ ಓದೂದು?” ಎಂದು ಕೇಳುತ್ತಿದ್ದಳು. ಟೀಚರು ಹೇಳಿಕೊಟ್ಟರು, ಅವಳು ತಪ್ಪಿದಳು, ಮತ್ತೆ ಹೇಳಿಕೊಟ್ಟರು. ಅವರು ಗೇಟು ದಾಟಿದಾಗ ಒಂದೂ ಇಪ್ಪತ್ತೈದು. ಆ ವಾರದ ಉಳಿದ ದಿನಗಳಲ್ಲೂ ಹೆಚ್ಚುಕಡಿಮೆ ಅದೇ ಹೊತ್ತು. ನಾನು ಬ್ಲೇಡು ತೆಗೆದುಕೊಂಡು ಪೆನ್ಸಿಲಿನ ನೀಲಿ ತುದಿಯನ್ನು ಮೊದಲ ಸಲ ಕೆತ್ತಿದೆ.

ಮಾಸ್ತರು ದಿನಚರಿಯಲ್ಲಿ ಗುಟ್ಟಾಗಿ ಬರೆದದ್ದನ್ನು ನಾನು ಮಸ್ಟರಿನಲ್ಲೇ ಬರೆಯತೊಡಗಿದೆ. ಕೆಂಪು ನಿಲ್ಲಿಸಲಿಲ್ಲ, ತಡವಾದದ್ದು ತಡವೇ. ವರ್ಷದ ಕೊನೆಗೆ ಮಂಡಳಿಗೆ ಎರಡೂ ಬಣ್ಣದ ವರದಿಯನ್ನು ಕಳಿಸಿ, ಈಕೆಯನ್ನು ಬಿಟ್ಟರೆ ಶಾಲೆಗೆ ನಷ್ಟ ಎಂದು ಕೆಳಗೆ ಸ್ಪಷ್ಟವಾಗಿ ಬರೆದೆ. ಕಾರ್ಯದರ್ಶಿಗಳು ಇದೇನು ಬಣ್ಣದಾಟ ಎಂದು ಫೋನಿನಲ್ಲಿ ಗೊಣಗಿದರು. ಒಂದು ಮಧ್ಯಾಹ್ನ ಬಂದು ಕೂತು ನೋಡಿ ಎಂದೆ. ಬಂದರು, ನೋಡಿದರು. ಜೂನಿನಲ್ಲಿ ಮಹಾದೇವಿ ಟೀಚರು ಖಾಯಂ ಆದರು. ಅದೇ ತಿಂಗಳು ನಾನೂ ಎಂ.ಎ. ಆದೆ. ನಾಮಫಲಕದ ನಾಲ್ಕು ಅಂಗುಲ ಇನ್ನೂ ಖಾಲಿ ಇದೆ. ಪೇಂಟರ್ ನಾಳೆ ಬರುತ್ತೇನೆಂದು ಹೇಳುತ್ತಲೇ ಇದ್ದಾನೆ, ನಾನೂ ಅಷ್ಟೇನೂ ಒತ್ತಾಯಿಸಿಲ್ಲ.

ನೀಲಿಯ ಅರ್ಥವನ್ನು ನಾನು ವಿವರಿಸಿದ ದಿನ ಮಹಾದೇವಿ ಟೀಚರು ಮಸ್ಟರಿನಲ್ಲಿ ತಮ್ಮ ಸಾಲಿನ ನೀಲಿಯನ್ನೆಲ್ಲ ಬೆರಳಿಟ್ಟು ಎಣಿಸಿದ್ದರು. ಆಮೇಲೆ, “ಹಂಗಾದ್ರ ನಿಮ್ಮ ಹೆಸರಿನ ಮುಂದ ಯಾರ ಬರೀತಾರ್ರಿ ಸರ್?” ಎಂದು ಕೇಳಿದರು. ನಾಯಕತ್ವದ ಬಗ್ಗೆ ನೂರಿಪ್ಪತ್ತು ಪುಟ ಬರೆದಿದ್ದ ನಾನು ಮಸ್ಟರನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಮಸ್ಟರಿನ ಮೊದಲ ಸಾಲು ನನ್ನದು, ಅದರ ಮೇಲೆ ಯಾರ ಹೆಸರೂ ಇಲ್ಲ.

ಡಿಗ್ರಿ ಮುಗಿದರೂ ಕಾಲಿಗೆ ಅದು ತಿಳಿದಿಲ್ಲ. ಕಳೆದ ಶನಿವಾರವೂ ಹನ್ನೆರಡೂವರೆಯ ಗಂಟೆಗೆ ಚೀಲಕ್ಕೆ ಕೈ ಹಾಕಿ ಎದ್ದು ನಿಂತೆ. ಹೋಗಬೇಕಾದ ತರಗತಿ ಇರಲಿಲ್ಲ, ಓಡಬೇಕಾದ ಸೇತುವೆ ಇರಲಿಲ್ಲ, ಲೇಟಾದಿರಿ ಎನ್ನುವವರೂ ಇರಲಿಲ್ಲ. ಬಾಸ್ ಎಂದು ಕರೆಯುತ್ತಿದ್ದ ಹುಡುಗರೆಲ್ಲ ಈಗ ಎಲ್ಲೆಲ್ಲೋ ಟೀಚರುಗಳಾಗಿ ಲೇಟ್ ಮಾರ್ಕ್ ತಿನ್ನುತ್ತಿರಬೇಕೆಂದು ನೆನೆಯುತ್ತ ಮತ್ತೆ ಕುರ್ಚಿಯಲ್ಲಿ ಕೂತೆ. ಸೆಕೆ ಬಹಳವಿತ್ತು, ಎದ್ದು ಫ್ಯಾನ್ ಹಾಕಲೂ ಬೇಸರವೆನಿಸಿ ಹಾಗೇ ಕಣ್ಣು ಮುಚ್ಚಿದೆ. ಎಚ್ಚರವಾದಾಗ ಎರಡು ಗಂಟೆ ಮೀರಿತ್ತು. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಮೇಜಿನ ಮೇಲೆ ಮಸ್ಟರ್ ತೆರೆದಿತ್ತು, ಪಕ್ಕದಲ್ಲಿ ಪೆನ್ಸಿಲು. ಹೆಡ್ ಮಾಸ್ತರುಗಳೆಲ್ಲ ಎಲ್ಲಿ ಹೋದರೋ ಎಂದಿದ್ದ ದಾದರಿನ ಅಂಗಡಿಯಾತನಿಗೆ ಒಯ್ದು ತೋರಿಸಬೇಕೆನಿಸುವಂತೆ, ಮೊದಲ ಸಾಲಿನಲ್ಲಿ, ನನ್ನ ಹೆಸರಿನ ಮುಂದೆ, ಮಹಾದೇವಿ ಟೀಚರ ದುಂಡನೆಯ ಅಕ್ಷರಗಳಲ್ಲಿ, ನೀಲಿಯಲ್ಲಿ ಬರೆದಿತ್ತು: ‘೧-೪೦. ಸರ್ ಇನ್ನೂ ಅದಾರ.’