ತಿಕೊನ ಖಾಲಿ ತಾಟು

ಐದಕ್ಕೆ ಎದ್ದೆ. ಅಂಗಳ ಗುಡಿಸಿದೆ. ಬೀದಿಯಲ್ಲಿ ಬ್ರೆಡ್ಡು ಮಾರುವವನ ಸೈಕಲ್ಲಿನ ಹಾರನ್ ಕೇಳಿದ ಕೂಡಲೇ ಹೋಗಿ ನನಗೂ ನಮ್ಮನೆಯವರಿಗೂ ಆಗುವಷ್ಟು ಪಾವು ತಗೊಂಡೆ. ಎರಡು ಜೊತೆ ಉದ್ದನೆಯ ಕಾಲುಚೀಲ, ಮೊಣಕಾಲಿಗೆ ಹಾಕುವ ಪಟ್ಟಿ ಒಗೆದು ಹರವಿದೆ. ನಾಲ್ಕು ತತ್ತಿ ಕುದಿಸಿ ಮೂರರ ಹಳದಿ ತೆಗೆದಿಟ್ಟೆ. ಕೋಳಿಯನ್ನು ಎಣ್ಣೆ ಇಲ್ಲದೆ ಬೇಯಿಸಿದೆ. ಆಮೇಲೆ ಅನ್ನವನ್ನು ತೂಕ ಮಾಡಿದೆ.

ಹೌದು, ಅಕ್ಕಿಯನ್ನಲ್ಲ, ಅನ್ನವನ್ನು. ನಮ್ಮ ಗದಗ-ಬೆಟಗೇರಿಯಲ್ಲಿ ಜೋಳ ತೂಗುತ್ತಾರೆ, ಹತ್ತಿ ತೂಗುತ್ತಾರೆ, ಮೆಣಸಿನಕಾಯಿ ತೂಗುತ್ತಾರೆ. ಬಡಿಸಲು ಮಾಡಿದ ಅನ್ನವನ್ನು ಯಾರೂ ತಕ್ಕಡಿಗೆ ಹಾಕುವುದಿಲ್ಲ. ಗೋವಾದ ಮಡಗಾಂವಕ್ಕೆ ಬಂದು ಮೂರು ವರ್ಷವಾಯಿತು. ಆ ಪುಟ್ಟ ತಕ್ಕಡಿಯ ಮೇಲೆ ಬಟ್ಟಲಿಡುವಾಗ ಅವ್ವ ಬೆನ್ನ ಹಿಂದೆ ನಿಂತು ನೋಡುತ್ತಿದ್ದಾಳೆ ಅನಿಸಿ ಇವತ್ತಿಗೂ ಕೈ ಅಳುಕುತ್ತದೆ.

ನಮ್ಮನೆಯವರು ಇಲ್ಲಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಬಸ್ಸು ಓಡಿಸುತ್ತಾರೆ. ಹೊರದೇಶದ ಆಟಗಾರರಿಗೆಂದು ಕ್ಲಬ್ಬು ಬಾಡಿಗೆಗೆ ಹಿಡಿದಿರುವ ಹೆಂಚಿನ ಮನೆಯ ಹಿಂಭಾಗದ ಎರಡು ಕೋಣೆ ನಮ್ಮದು. ಮುಂದಿನ ಮನೆಯಲ್ಲಿ ಈಗ ಇರುವವನು ಒಬ್ಬನೇ, ಬ್ರೆಜಿಲ್ ದೇಶದ ತಿಕೊ. ಅವನ ಅಡಿಗೆ ನನ್ನ ಪಾಲಿನದು. ಅವನು ನನ್ನನ್ನು 'ದೊನಾ' ಅನ್ನುತ್ತಾನೆ. ವಯಸ್ಸಾದ ಹೆಣ್ಣುಮಕ್ಕಳನ್ನು ಅವರ ಕಡೆ ಮರ್ಯಾದೆಯಿಂದ ಕರೆಯುವುದು ಹಾಗೆ. ನನ್ನ ಮುರುಕು ಕೊಂಕಣಿ, ಅವನ ಮುರುಕು ಕೊಂಕಣಿ, ಉಳಿದದ್ದಕ್ಕೆ ಕೈಸನ್ನೆ.

ಅವನ ಪೂರ್ತಿ ಹೆಸರು ಐದು ಪದ ಉದ್ದವಿದೆ. ಅಂಗಿಯ ಮೇಲೆ ಮಾತ್ರ ತಿಕೊ. ಗುಬ್ಬಿಯಂಥ ಒಂದು ಹಕ್ಕಿಯ ಹೆಸರಂತೆ. ಹದಿಮೂರಕ್ಕೆ ಮನೆ ಬಿಟ್ಟು ದೂರದ ಊರಿನ ಕ್ಲಬ್ಬಿನ ಹಾಸ್ಟೆಲ್ ಸೇರಿದ. ಅಲ್ಲಿ ತಾಟಿನಲ್ಲಿ ಒಂದಗುಳು ಬಿಟ್ಟರೂ ಮರುದಿನ ಉಪವಾಸ. ತನ್ನ ದೇಶದಲ್ಲಿ ದೊಡ್ಡ ಮೈದಾನದಲ್ಲಿ ಆಡಿದ್ದು ಎರಡೇ ಸಲ, ಎರಡೂ ಸಲ ಬೇರೆಯವರ ಬದಲಿಗೆ. ಮೂರು ತಿಂಗಳು ಒಂದು ಊರು, ಮುಂದಿನ ಮೂರು ತಿಂಗಳು ಇನ್ನೊಂದು. ಆಮೇಲೆ ಪೋರ್ಚುಗಲ್, ಥಾಯ್ಲೆಂಡ್, ಢಾಕಾ, ಈಗ ಗೋವಾ. ವಯಸ್ಸು ಮೂವತ್ನಾಲ್ಕು. ಎಡ ಮೊಣಕಾಲನ್ನು ಎರಡು ಸಲ ಕೊಯ್ದಿದ್ದಾರೆ. ಹೆಂಡತಿ, ಮಗಳು ಅಲ್ಲೇ ಇದ್ದಾರೆ. ಇಲ್ಲಿ ಸಂಜೆಯಾದಾಗ ಅವರಿಗೆ ಬೆಳಗು. ಎರಡು ಜಿಲ್ಲೆ ದಾಟಿ ಬಂದದ್ದಕ್ಕೇ ಮೊದಲ ವರ್ಷವೆಲ್ಲ ಕಣ್ಣೊರೆಸಿಕೊಂಡವಳು ನಾನು. ಅವನ ಕತೆ ಕೇಳಿದ ಮೇಲೆ ನಾಚಿಕೆಯಾಯಿತು.

ಇಲ್ಲಿನ ಜನ ಊಟಕ್ಕೆ ಕೂತಾಗ 'ಪುರೊ' ಅನ್ನುತ್ತಾರೆ. ಸಾಕು ಅಂತ ಅರ್ಥ. ಒಮ್ಮೆ ಅಂದರೆ ಬಡಿಸುವ ಕೈ ನಿಲ್ಲುತ್ತದೆ. ಮೊದಮೊದಲು ಪಕ್ಕದ ಮನೆಯವರು ಕರೆದಾಗ ಮರ್ಯಾದೆಗೆಂದು ಪುರೊ ಅಂದೆ, ಅವರು ನಿಜವಾಗಿಯೂ ನಿಲ್ಲಿಸಿಬಿಟ್ಟರು! ಅರೆಹೊಟ್ಟೆಯಲ್ಲಿ ಮನೆಗೆ ಬಂದು ರೊಟ್ಟಿ ಬಡಿದುಕೊಂಡು ಉಂಡೆ. ನಮ್ಮಲ್ಲಿ ಸಾಕು ಅನ್ನುವುದು ಮಾತಿನ ಮೊದಲು, ಕೊನೆಯಲ್ಲ.

ಕಳೆದ ವಾರ ಕ್ಲಬ್ಬಿಗೆ ಐದು ದಿನ ರಜೆ ಇತ್ತು. ಬೆಟಗೇರಿಯಲ್ಲಿ ಅಕ್ಕನ ಮಗಳ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಬಂಧುಗಳೆಲ್ಲ ಬುತ್ತಿ ಕಟ್ಟಿಕೊಂಡು ಬಂದು ಉಣಿಸುವ ದಿನ. ನಾವು ಚೀಲ ತುಂಬುವುದನ್ನು ನೋಡುತ್ತ ತಿಕೊ ಬಾಗಿಲಲ್ಲೇ ನಿಂತಿದ್ದ. 'ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದು ನೋಡಿ ವರ್ಷ ದಾಟಿತು' ಅಂದ. ನಮ್ಮನೆಯವರು, "ನಡಿ ಹಂಗಾರ" ಅಂದರು. ರೈಲು ಹತ್ತಿದೆವು.

ಅಕ್ಕ ಮೊದಲ ದಿನವೇ ಅವನನ್ನು ನಡುಮನೆಯಲ್ಲಿ ಕೂಡಿಸಿದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ. ಅವನು ತಾಟು ಒರೆಸಿದಂತೆ ಉಂಡ. ಖಾಲಿ ತಾಟು ಕಂಡ ಅಕ್ಕ ಮತ್ತೆ ಬಡಿಸಿದಳು. ಅವನಿಗೆ ತಾಟಿನಲ್ಲಿ ಬಿಟ್ಟು ಗೊತ್ತಿಲ್ಲ, ನಮಗೆ ತಾಟು ಖಾಲಿ ಬಿಟ್ಟು ಗೊತ್ತಿಲ್ಲ. ಅವನು ಕೈ ಅಡ್ಡ ಹಿಡಿದರೆ ಅಕ್ಕ ಬೆರಳ ಸಂದಿಯಿಂದ ತುಪ್ಪ ಬಿಟ್ಟಳು.

"ಸಾಕಬೇ ಅಕ್ಕಾ, ಅಂವ ಆಟಗಾರ ಅದಾನ" ಅಂದೆ.

"ಆಟಗಾರಗ ಹೊಟ್ಟಿ ಇರಂಗಿಲ್ಲೇನು? ಎಲುಬ ಕಾಣಾಕತ್ತಾವು. ಅವರವ್ವ ನೋಡಿದ್ರ ನಿನಗ ಏನಂದಾಳು?"

ಓಣಿಯ ಬೀಬಿಜಾನ್ ಬಾಗಿಲಿಗೇ ಬಂದು ನಿಂತಳು. "ನಮ್ಮನಿಗಿ ಬರಲಾರದ ಹೋದ್ರ ನಾ ನಿನ್ನ ಕೂಡ ಮಾತಾಡಂಗಿಲ್ಲ ನೋಡು. ಬಿರ್ಯಾನಿ ಮಾಡೇನಿ." ಮರುದಿನ ಲಕ್ಷ್ಮೇಶ್ವರದಲ್ಲಿ, ಕಾಲುನೋವಿನಿಂದ ಕುಬಸಕ್ಕೆ ಬಾರದಿದ್ದ ಚಿಗವ್ವನ ಮನೆ. ಅದರ ಮರುದಿನ ಹೊಂಬಳದ ಬೀಗರು. ಎಲ್ಲ ಕಡೆಯೂ ಅವನ ತಾಟು ಮಿಂಚುವಷ್ಟು ಖಾಲಿ, ಎಲ್ಲ ಕಡೆಯೂ ಎರಡನೆಯ ಸಲ ಭರ್ತಿ. ನಾನು ನೋಡುತ್ತಲೇ ಇದ್ದೆ. ಖರೆ ಹೇಳಬೇಕೆಂದರೆ ಹೆಮ್ಮೆಯಿಂದ ನೋಡುತ್ತಿದ್ದೆ.

ತಿರುಗಿ ಬಂದ ಸಂಜೆ ಅವನು ಸ್ನಾನದ ಮನೆಯ ತಕ್ಕಡಿಯ ಮೇಲೆ ನಿಂತ. ಇಳಿದ. ಮತ್ತೆ ಹತ್ತಿದ. ಮೂರು ಕಿಲೋ ಹೆಚ್ಚು. ಇದೇ ತಿಂಗಳು ಮುಂದಿನ ವರ್ಷಕ್ಕೆ ಯಾರನ್ನು ಉಳಿಸಿಕೊಳ್ಳಬೇಕೆಂದು ಕ್ಲಬ್ಬಿನವರು ಪಟ್ಟಿ ಮಾಡುತ್ತಾರೆ. ಆ ಮೊಣಕಾಲಿಗೆ ಭಾರ ಹೆಚ್ಚಿದರೆ ಪಟ್ಟಿಯಲ್ಲಿ ಅವನ ಹೆಸರಿಲ್ಲವೆಂದು ತರಬೇತಿಯ ಸಾಹೇಬರು ಮೊದಲೇ ಹೇಳಿದ್ದರು. ಈ ವಯಸ್ಸಿನಲ್ಲಿ ಇಲ್ಲಿಂದ ಬಿಟ್ಟರೆ ಇನ್ನೊಂದು ಕ್ಲಬ್ಬಿಲ್ಲ ಅಂತ ತಿಕೊ ಬಾಯಿಬಿಟ್ಟು ಹೇಳಲಿಲ್ಲ. ನಾಲ್ಕು ದಿನ ಬಿಸಿಲಲ್ಲಿ ಓಡಿದ.

ಇವತ್ತು ಸೋಮವಾರ, ಏಳಕ್ಕೆ ಕ್ಲಬ್ಬಿನಲ್ಲಿ ತೂಕ. ನಮ್ಮನೆಯವರು ಎಂಟಕ್ಕೆ ಬಂದು ಮೆಟ್ಟಿಲ ಮೇಲೆ ಕೂತರು.

"ಇನ್ನೂ ಒಂದೂವರಿ ಕಿಲೋ ಜಾಸ್ತಿ ಐತಿ. ಸಾಹೇಬರು ಕೇಳಿದ್ದಕ್ಕ ರಜಾದಾಗ ಬಿಯರ್ ಕುಡದೆ ಅಂದ."

"ಅಂವ ಮುಟ್ಟಂಗಿಲ್ಲಲ್ರಿ!"

"ಮತ್ತ ಬಸ್ಸಿನ ಡ್ರೈವರ್ ಕರಕೊಂಡು ಹೋಗಿ ಹೋಳಿಗಿ ತಿನಿಸಿದ ಅನಬೇಕಿತ್ತೇನು? ನನ್ನ ಹೆಸರು ಬರಬಾರದು ಅಂತ ಹಂಗಂದಾನ."

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸೆರಗು ಸರಿಮಾಡಿಕೊಂಡು ಮೈದಾನಕ್ಕೆ ನಡೆದೆ. ಅಲ್ಲಿ ಮೂರು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟವಳಲ್ಲ. ಸಾಹೇಬರ ಮುಂದೆ ನನ್ನ ಕೊಂಕಣಿ ಅರ್ಧಕ್ಕೆ ತೀರಿತು. ಬಿಯರ್ ಅಲ್ಲ, ನಮ್ಮ ಮನೆಗಳಲ್ಲಿ ಉಣಿಸಿದ್ದು, ಅವನು ಬೇಡ ಅಂದರೂ ಹಾಕಿದ್ದು ಅಂತ ತಿಳಿಸುವುದರೊಳಗೆ ಕಣ್ಣಲ್ಲಿ ನೀರು ಬಂತು. ಅವರು ನಗಲಿಲ್ಲ, ಬೈಯಲೂ ಇಲ್ಲ. ಹದಿನೈದು ದಿನ ಅಂದರು. ಪ್ರತಿ ಊಟಕ್ಕೂ ಬಡಿಸಿದ ತಾಟಿನದೊಂದು, ಉಂಡ ತಾಟಿನದೊಂದು ಫೋಟೊ ತೆಗೆದು ಕಳಿಸಬೇಕು. ಹದಿನೈದನೆಯ ದಿನವೂ ತೂಕ ಇಳಿಯದಿದ್ದರೆ ಹೆಸರು ಬರೆಯುವುದಿಲ್ಲ.

ಸಂಜೆ ಏಳಕ್ಕೆ ಬಡಿಸಿದೆ. ನೂರೈವತ್ತು ಗ್ರಾಂ ಅನ್ನ, ಕೋಳಿ, ಸೌತೆಕಾಯಿ. ಫೋಟೊ ತೆಗೆದೆ. ಆರು ತುತ್ತಿಗೆ ಮುಗಿಯಿತು. ಅವನು ತಾಟಿನ ಮುಂದಿನಿಂದ ಏಳಲಿಲ್ಲ. ನನ್ನ ಕೈ ತಾನಾಗಿಯೇ ಪಾತ್ರೆಯ ಕಡೆ ಹೋಯಿತು.

"ಕೈ ತಗಿ" ಅಂದರು ನಮ್ಮನೆಯವರು, ಮೆಲ್ಲಗೆ.

ತೆಗೆದೆ. ಇಷ್ಟು ದಿನ ತಾಟು ಇಟ್ಟು ಹಿಂದಿನ ಕೋಣೆಗೆ ಹೋಗಿಬಿಡುತ್ತಿದ್ದೆ. ಕೂತ ಮನುಷ್ಯನೆದುರು ಖಾಲಿ ತಾಟು ನೋಡುತ್ತ ನಿಂತದ್ದು ಜೀವನದಲ್ಲಿ ಇದೇ ಮೊದಲು. ತಿಕೊ ನನ್ನ ಮುಖ ನೋಡಿ, 'ಪುರೊ, ದೊನಾ' ಅಂದ. ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಎರಡನೆಯ ಫೋಟೊ ತೆಗೆದು ಸಾಹೇಬರಿಗೆ ಕಳಿಸಿದೆ.

ಅಷ್ಟರಲ್ಲಿ ಅಕ್ಕನ ಫೋನು. "ನಮ್ಮ ತಿಕೊ ಏನ ಉಂಡಾನ?"

"ಎರಡು ರೊಟ್ಟಿ, ಪಲ್ಯ" ಅಂದೆ. ಅವಳ ಹತ್ತಿರ ಹಿಂದೆಂದೂ ಸುಳ್ಳು ಹೇಳಿದವಳಲ್ಲ.

"ಎರಡ? ಗೋವಾಕ್ಕ ಹೋಗಿ ಕೈ ಸಣ್ಣ ಮಾಡಕೊಂಡಿ ನೋಡ ನೀ."

ಇಲ್ಲಿನವರ ಕಣ್ಣಿಗೆ ಹೆಚ್ಚು ಉಣಿಸಿದವಳು ನಾನು, ಊರಿನವರ ಕಣ್ಣಿಗೆ ಉಣಿಸಲಾರದವಳು.

ನಾವಿಬ್ಬರೂ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ಮುಂದಿನ ಮನೆಗೆ ವಾಸನೆ ಹೋಗದ ಹಾಗೆ, ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡೆವು. ನಾನು ಒಂದೇ ರೊಟ್ಟಿಗೆ ಎದ್ದೆ. ನಮ್ಮನೆಯವರು ಮೊದಲು ಮಲಗಿದರು. ಆಮೇಲೆ ಮಗಳ ಜೊತೆಗಿನ ಮಾತು ಮುಗಿಸಿ ತಿಕೊ ದೀಪ ಆರಿಸಿದ.