ಜೇಬು ಹೊಲಿಸಿದ ದೆವ್ವ

ಮೊನ್ನೆ ಬಳ್ಳಾರಿಯ ಅಂಗಡಿಯೊಂದರಲ್ಲಿ ಹೊಸ ಜೀನ್ಸ್ ಪ್ಯಾಂಟಿನ ಮಡಿಕೆ ಬಿಚ್ಚಿದೆ. ನೀಲಿ ಬಣ್ಣದ ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ನೆನಪಾದದ್ದು ದೆವ್ವ! ನಗಬೇಡಿ, ಕೇಳಿ.

ರಾಯದುರ್ಗದ ನಮ್ಮ ಮನೆಯ ಪಡಸಾಲೆ ತುಂಬ ಆಗ ಕಾಲಲ್ಲಿ ತುಳಿಯುವ ಹೊಲಿಗೆ ಮಷಿನ್ನುಗಳು. ಬಳ್ಳಾರಿಯಿಂದ ಕತ್ತರಿಸಿದ ಜೀನ್ಸ್ ಬಟ್ಟೆ ಬರುತ್ತಿತ್ತು. ಅವ್ವ ಮತ್ತು ಓಣಿಯ ಹೆಂಗಸರು ಪ್ಯಾಂಟಿನ ಜೇಬು ಹೊಲಿದು ಕಳಿಸುತ್ತಿದ್ದರು. ನಾನು ಡಿಗ್ರಿ ಓದುತ್ತಿದ್ದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಈಗಲೂ ಇದನ್ನು ಹೇಳುವಾಗ ಕುತ್ತಿಗೆ ಕೊಂಚ ನೆಟ್ಟಗಾಗುತ್ತದೆ. ಭಾನುವಾರ ಮಾತ್ರ ಉಳಿದ ದಾರ ಕತ್ತರಿಸಲು ನಾನೂ ಕೂರಬೇಕಿತ್ತು.

ಮಧ್ಯಾಹ್ನ ಟೀವಿಯಲ್ಲಿ ಸಿನಿಮಾ. ಕೋರೆಹಲ್ಲು, ರಕ್ತ, ಚೀರಾಟದ ದೆವ್ವಗಳು ಎಷ್ಟೋ ಬಂದು ಹೋದವು. ಒಬ್ಬರೂ ತಲೆ ಎತ್ತಲಿಲ್ಲ, ಒಂದು ಕಾಲೂ ನಿಲ್ಲಲಿಲ್ಲ. ಒಂದು ಭಾನುವಾರ ಬಂದದ್ದು ಕಪ್ಪು ಬಿಳುಪಿನ ಹಳೆಯ ಚಿತ್ರ. ಅದರಲ್ಲಿ ದೆವ್ವವೇ ಕಾಣುವುದಿಲ್ಲ! ಖಾಲಿ ತೂಗುಕುರ್ಚಿ, ಅಲ್ಲಾಡುವ ಪರದೆ, ಮುಚ್ಚಿದ ಕೋಣೆಯೊಳಗೆ ಎಲ್ಲೋ ಸಣ್ಣಗೆ ಗೆಜ್ಜೆ.

“ಏ, ತುಳಿಯಾದು ನಿಲ್ಲಸ್ರೇ, ಗೆಜ್ಜಿ ಕೇಳವಲ್ದು!” ಎಂದಳು ಪಕ್ಕದ ಮನೆಯ ಹನುಮಕ್ಕ. ಒಂದೊಂದೇ ಮಷಿನ್ ನಿಂತಿತು.

ಅವ್ವ ಗಡಿಯಾರ ನೋಡಿದಳು. ಸಂಜೆಯ ಬಸ್ಸಿಗೆ ಹೊಲಿದ ಬಟ್ಟೆಯ ಗಂಟು ಹೋಗದಿದ್ದರೆ ಮುಂದಿನ ಬಟ್ಟೆ ಇನ್ನೊಬ್ಬರ ಮನೆಗೆ.

“ದೆವ್ವ ಬಂದು ಜೇಬು ಹೊಲಿತೈತೇನ್ರೇ?” ಎಂದು ಬೈದಳು. ಬೈಯುವಾಗ ಅವಳ ಕಾಲೂ ನಿಂತಿತ್ತು.

“ಗಾಳಿಗೆ ಪರದೆ ಅಲ್ಲಾಡ್ತೈತಿ, ಅಷ್ಟೇ,” ಎಂದೆ ನಾನು, ಕಾಲೇಜಿನ ಠೀವಿಯಲ್ಲಿ.

“ಹೌದಾ ಕಾಲೇಜಮ್ಮಾ? ಹಂಗಾರ ಹಿತ್ತಲಿಗೆ ಹೋಗಿ ಒಂದ್ ಚೊಂಬು ನೀರು ತಗಂಬಾ, ಒಬ್ಬಾಕೀನೇ,” ಎಂದಳು ಹನುಮಕ್ಕ. ನಾನು ಕೂತಲ್ಲಿಂದ ಏಳಲಿಲ್ಲ.

ತೆರೆಯ ಮೇಲೆ ನಾಯಕಿ ಆ ಕೋಣೆಯ ಬಾಗಿಲಿಗೆ ಕೈ ಹಾಕಿದಳು. ಕರೆಂಟು ಹೋಯಿತು!

ಪಡಸಾಲೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಸುಮ್ಮನಿದ್ದರೆ ಎಲ್ಲಿ ಗೆಜ್ಜೆ ಕೇಳಿಸೀತೋ ಎಂದು ಎಲ್ಲರೂ ಒಟ್ಟಿಗೆ ಮಷಿನ್ ತುಳಿಯತೊಡಗಿದರು. ಬಾಗಿಲ ಹಿಂದೆ ಯಾರಿದ್ದಾರೆಂದು ಕೂಗಾಡುತ್ತ, ಜಗಳಾಡುತ್ತ, ಒಬ್ಬರೂ ಕಾಲು ನಿಲ್ಲಿಸದೆ ಹೊಲಿದರು. ಬಸ್ಸಿಗಿಂತ ಮೊದಲೇ ನಮ್ಮ ಗಂಟು ನಿಲ್ದಾಣ ಸೇರಿತ್ತು. ಪೂರ್ತಿ ಮೈ ತೋರಿಸಿದ ದೆವ್ವಗಳಲ್ಲಿ ಒಂದೂ ನನಗಿಂದು ನೆನಪಿಲ್ಲ. ಮುಖವನ್ನೇ ತೋರದವಳು ಮರೆಯಲು ಬಿಟ್ಟಿಲ್ಲ ನೋಡಿ!

ಮೊನ್ನೆ ಅಂಗಡಿಯಿಂದ ಬಂದವಳೇ ಮೊಬೈಲಿನಲ್ಲಿ ಆ ಚಿತ್ರವನ್ನು ಹುಡುಕಿ ಕೊನೆಯವರೆಗೂ ನೋಡಿದೆ. ಬಾಗಿಲು ತೆರೆಯಿತು. ಕೋಣೆ ಖಾಲಿ! ತಡೆಯಲಾರದೆ ಅವ್ವನಿಗೆ ಫೋನ್ ಮಾಡಿ ಹೇಳಿದೆ.

ಆ ಕಡೆ ಅವ್ವ ಟೀವಿಯ ಸದ್ದು ತಗ್ಗಿಸಿದಳು.

“ಖಾಲಿ ಐತಾ? ಅಯ್ಯೋ ಯವ್ವಾ... ಹಂಗಾರ ಆಕಿ ಹೊರಗ ಬಂದಾಳ!”

ಹಾಡುಹಗಲು. ಮನೆಯಲ್ಲಿ ನಾನೊಬ್ಬಳೇ.

“ಅವ್ವಾ,” ಎಂದಳು ಈ ಪದವೀಧರೆ, “ಫೋನ್ ಇಡಬ್ಯಾಡ. ಏನಾರ ಮಾತಾಡ್ತಾ ಇರು.”