ಒದ್ದೆ ಗೋಣಿಯ ಸಿರಿಲ್ ಪೊರ್ಬು

ಸಿರಿಲ್ ಪೊರ್ಬುಗಳು ಮನೆಗೆ ಬಂದರೆ ಮೊದಲು ಕೇಳುತ್ತಿದ್ದದ್ದು ಏಣಿಯನ್ನಲ್ಲ, ಒಂದು ಬಾಲ್ದಿ ನೀರು. ಹೆಗಲ ಚೀಲದಿಂದ ಹಳೆಯ ಗೋಣಿಯೊಂದನ್ನು ತೆಗೆದು ನೀರಲ್ಲಿ ಅದ್ದಿ, ಹಿಂಡದೆ, ತೊಟ್ಟಿಕ್ಕುತ್ತಿದ್ದ ಹಾಗೆಯೇ ಹೆಗಲಿಗೆ ಹಾಕಿಕೊಂಡು ಟೆರೇಸಿಗೆ ಹತ್ತುತ್ತಿದ್ದರು. ಮೆಟ್ಟಿಲ ಉದ್ದಕ್ಕೂ ನೀರು. ಆ ಗೋಣಿಯನ್ನು ಡಿಶ್ ಆಂಟೆನಾದ ಬಟ್ಟಲಿಗೆ ಹೊದೆಸಿ, ಹೊದೆಸಿದ ಮೇಲೂ ಕೆಳಗಿನ ಟಿವಿಯಲ್ಲಿ ಚಿತ್ರ ಕದಲದೆ ನಿಲ್ಲುವ ತನಕ ಡಿಶ್ಶನ್ನು ಕೂದಲೆಳೆಯಷ್ಟು ಅತ್ತ, ಕೂದಲೆಳೆಯಷ್ಟು ಇತ್ತ ತಿರುಗಿಸುತ್ತಿದ್ದರು. ಬೇರೆಯವರು ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ಅವರಿಗೆ ಒಂದು ಹಗಲು ಬೇಕಾಗುತ್ತಿತ್ತು.

ಪ್ರತಿ ಸಲವೂ ಒಂದು ಹಗಲೇ ಬೇಕಾಗುತ್ತಿತ್ತೇ ಎಂದು ಯಾರಾದರೂ ಗಟ್ಟಿಯಾಗಿ ಕೇಳಿದರೆ ನಾನು ಹೌದೆನ್ನಲಾರೆ. ಸಿಟ್ಟಿನಲ್ಲಿ ಕಳೆದ ಹೊತ್ತು ನೆನಪಿನಲ್ಲಿ ಉದ್ದವಾಗುತ್ತದೆ. ಅದಕ್ಕೇ ನಾನು ದಿನಚರಿ ಬರೆಯುವುದು. ಕಾಪುವಿನ ನಮ್ಮ ಮನೆಗೆ ಅವರು ಮೊದಲು ಬಂದ ಭಾನುವಾರದ ಪುಟದಲ್ಲಿ ಇರುವುದು ಇಷ್ಟೇ: "ಡಿಶ್ಶಿನವರು ಬಂದರು. ಊಟಕ್ಕೂ ಇಲ್ಲೇ. ಚಹಾಕ್ಕೂ ಇಲ್ಲೇ. ತಲೆನೋವು."

ಪೊರ್ಬು ಎಂಬುದು ನಮ್ಮ ತುಳುವಿನಲ್ಲಿ ಕ್ರೈಸ್ತ ಹಿರಿಯರನ್ನು ಮರ್ಯಾದೆಯಿಂದ ಕರೆಯುವ ಮಾತು. ಅವರ ಮನೆ ಬೆಳ್ಮಣ್ಣಿನಲ್ಲಿ. ಗಲ್ಫಿನಲ್ಲಿ ಹಲವು ವರ್ಷ ಕಟ್ಟಡಗಳ ಮೇಲೆ ಡಿಶ್ ಕೂರಿಸಿ ಬಂದು, ಇಲ್ಲಿ ಕಾಪುವಿನಿಂದ ಕಾರ್ಕಳದವರೆಗೆ ಅದೇ ಕೆಲಸ ಮಾಡಿಕೊಂಡಿದ್ದರು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ತುಳು. ಉಪಗ್ರಹದ ವಿಷಯ ಬಂತೋ, ನೆಟ್ಟಗೆ ಕೂತು ಕನ್ನಡಕ್ಕೆ ಬದಲಾಗುತ್ತಿದ್ದರು, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ.

"ಬಿಸಿಲಲ್ಲಿ ಚಿತ್ರ ಯಾರಿಗಾದರೂ ಬರುತ್ತದೆ, ಬಾಯೆ. ಜೂನ್ ತಿಂಗಳಲ್ಲಿ ಬರಬೇಕು. ಈ ಗೋಣಿ ಉಂಟಲ್ಲ, ಇದು ನನ್ನ ಜೂನ್ ತಿಂಗಳು."

ತತ್ತ್ವವೇನೋ ಸರಿಯೇ. ಉಪಗ್ರಹದಿಂದ ಬರುವ ತರಂಗ ಮಳೆನೀರಿನಲ್ಲಿ ಸೊರಗುತ್ತದೆ. ಒದ್ದೆ ಗೋಣಿಯನ್ನು ದಾಟಿ ಬಂದದ್ದು ಮಳೆಯನ್ನೂ ದಾಟಿ ಬರುತ್ತದೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದ್ದ ನನಗೆ ಇದನ್ನು ಹೇಳಿಸಿಕೊಳ್ಳಬೇಕಾಗಿರಲಿಲ್ಲ. ಆದರೂ ಅವರು ಹೇಳುತ್ತಿದ್ದರು. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಅದು ಹೇಗೆ ಒಂದೇ ಕಡೆ ನಿಂತಂತೆ ಕಾಣುತ್ತದೆ ಎಂಬುದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನ ಅಮ್ಮನಿಗೆ ವಿವರಿಸುತ್ತಿದ್ದರು. ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿರುತ್ತಿತ್ತು. "ನಿಂತದ್ದಲ್ಲ ಅಮ್ಮ. ಭೂಮಿಯ ಒಟ್ಟಿಗೆ ಓಡುವುದು. ಒಂದೇ ಕಡೆ ನಿಲ್ಲಬೇಕಾದರೆ ಓಡುತ್ತಾ ಇರಬೇಕು." ಅಮ್ಮ ಹೌದೆಂದು ತಲೆಯಾಡಿಸಿ, ಹಾಗಾದರೆ ಧಾರಾವಾಹಿ ಯಾವಾಗ ಬರುತ್ತದೆ ಎಂದು ಕೇಳುತ್ತಿದ್ದಳು.

ಅವರೆದುರು ಆಡಬಾರದ ಮಾತು ಒಂದಿತ್ತು: ಸಿಗ್ನಲ್ ಇಲ್ಲ. ಟಿವಿಯ ವಿಷಯಕ್ಕಿರಲಿ, ಮೊಬೈಲಿನ ವಿಷಯಕ್ಕೂ ಅದನ್ನು ಸಹಿಸುತ್ತಿರಲಿಲ್ಲ. "ಸಿಗ್ನಲ್ ಅಲ್ಲೇ ಉಂಟು. ಅಡ್ಡ ನಿಲ್ಲುವುದು ನಾವು. ತಪ್ಪು ಯಾವಾಗಲೂ ಕೆಳಗೆ." ಬಸ್ಸಿನಲ್ಲಿ ಯಾರೋ ಅಪರಿಚಿತ ಫೋನಿನಲ್ಲಿ "ಸಿಗ್ನಲ್ ಇಲ್ಲ, ಆಮೇಲೆ ಮಾಡುತ್ತೇನೆ" ಎಂದದ್ದಕ್ಕೆ, ಅವನನ್ನು ಕಿಟಕಿಯ ಬದಿಗೆ ಸರಿಸಿ ಕೂರಿಸಿ, ಈಗ ಮಾತಾಡು ಎಂದು ಎದುರು ನಿಂತವರು ಅವರು. ಪಾಪ, ಅವನಿಗೆ ಮಾತಾಡುವ ಮನಸ್ಸಿರಲಿಲ್ಲ ಎಂಬುದು ಬಸ್ಸಿಗೆಲ್ಲ ಗೊತ್ತಾಗಿತ್ತು, ಇವರಿಗೊಬ್ಬರಿಗೆ ಬಿಟ್ಟು.

ಕಾರ್ಕಳದ ಒಂದು ಮನೆಯ ಸಂಗತಿಯನ್ನು ಅವರೇ ಎಷ್ಟು ಸಲ ಹೇಳಿದ್ದಾರೆಂದರೆ, ಅಲ್ಲಿ ನಾನೂ ಇದ್ದೆನೇನೋ ಎಂದು ಈಗ ಅನಿಸುತ್ತದೆ. ಇರಲಿಲ್ಲ. ಮಾರ್ಚ್ ನಡುವಿನ ಒಂದು ಮಧ್ಯಾಹ್ನ, ಅವರು ಕೂರಿಸಿದ ಡಿಶ್ಶಿನಲ್ಲಿ ಚಿತ್ರ ಹೋಗಿ, ಯಜಮಾನರು ಫೋನ್ ಮಾಡಿ ಬೈದರಂತೆ. ಮರುದಿನ ಇವರು ಹೋಗಿ ಟೆರೇಸಿಗೆ ಹತ್ತದೆ ಟಿವಿಯ ಎದುರು ಕುರ್ಚಿ ಹಾಕಿ ಕೂತರು. ಹನ್ನೆರಡರ ಹೊತ್ತಿಗೆ ಚಿತ್ರ ಪುನಃ ಹೋಯಿತು. "ಸೂರ್ಯ ಈಗ ಉಪಗ್ರಹದ ನೇರ ಹಿಂದೆ ಬಂದಿದ್ದಾನೆ. ಅವನ ಗಲಾಟೆಯಲ್ಲಿ ಇದರ ಸ್ವರ ಕೇಳುವುದಿಲ್ಲ. ವರ್ಷಕ್ಕೆ ಎರಡು ಸಲ, ನಾಲ್ಕೈದು ದಿನ. ಚಹಾ ಉಂಟಾ?" ಎಂದರು. ಚಹಾ ಮುಗಿಯುವುದರೊಳಗೆ ಚಿತ್ರ ಬಂತು. ಯಜಮಾನರಿಗೆ ಮಾತ್ರ, ಈ ಮನುಷ್ಯ ಕಿಸೆಯಲ್ಲಿ ಎಂತದೋ ರಿಮೋಟ್ ಇಟ್ಟುಕೊಂಡಿದ್ದಾನೆ ಎಂಬ ಸಂಶಯ ಕೊನೆಯವರೆಗೂ ಹೋಗಲಿಲ್ಲ.

ಡಿಶ್ಶಿನ ಕೆಲಸ ಕಡಿಮೆಯಾದ ಮೇಲೆ ಅವರು ಹವಾಮಾನದ ಉಪಗ್ರಹಕ್ಕೆ ಅಂಟಿಕೊಂಡರು. ಅರ್ಧ ಗಂಟೆಗೊಮ್ಮೆ ಬರುವ ಮೋಡದ ಚಿತ್ರಗಳನ್ನು ಫೋನಿನಲ್ಲಿ ಒಂದರ ಹಿಂದೆ ಒಂದು ಓಡಿಸಿ ನೋಡುವುದು, ನನಗೆ ಕಳುಹಿಸುವುದು. ನಾನು ಕೆಲಸ ಮಾಡುವ ಮಣಿಪಾಲದ ಗ್ರಂಥಾಲಯದ ಮೇಜಿನಲ್ಲಿ ಕೂತಿದ್ದರೆ ದಿನಕ್ಕೆ ಹತ್ತು ಸಲ ಫೋನ್ ಗುರುಗುಟ್ಟುತ್ತಿತ್ತು. ನನಗೆ ಯಾಕೆ ಕಳುಹಿಸುತ್ತೀರಿ ಎಂದು ಒಮ್ಮೆ ಕೇಳಿಯೇ ಬಿಟ್ಟೆ. ಆಕಾಶ ನೋಡಿ ಮಳೆ ಹೇಳುವುದೆಂದರೆ ಚಾಪೆಯ ಅಡಿಯಿಂದ ಮೇಲೆ ಮಲಗಿದವನ ಮುಖ ನೋಡಿದ ಹಾಗೆ, ಮುಖ ಕಾಣಬೇಕಾದರೆ ಮೇಲಿನಿಂದಲೇ ನೋಡಬೇಕು ಎಂದರು. ಇದು ನನ್ನ ಪ್ರಶ್ನೆಗೆ ಉತ್ತರವಾಗಿರಲಿಲ್ಲ. ನಿನ್ನ ಅಣ್ಣ ಸಮುದ್ರದಲ್ಲಿದ್ದಾನೆ, ಅದಕ್ಕೆ ಕಳುಹಿಸುತ್ತೇನೆ ಎಂದು ನೆಟ್ಟಗೆ ಹೇಳಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ.

ಅಣ್ಣ ಸುಧಾಕರ ಆಗ ಮಲ್ಪೆಯ ಒಂದು ದೋಣಿಯ ತಂಡೇಲ. ದೋಣಿ ನಡೆಸುವುದು, ಏಳು ಮಂದಿಯನ್ನು ಕರೆದುಕೊಂಡು ಹೋಗಿ ಕರೆದುಕೊಂಡು ಬರುವುದು ಅವನ ಕೆಲಸ. ಎರಡು ವರ್ಷದ ಹಿಂದೆ ದೋಣಿಗೆ ಸರ್ಕಾರದಿಂದ ಉಪಗ್ರಹದ ಪೆಟ್ಟಿಗೆ ಬಂತು. ಮೊಬೈಲ್ ಮುಟ್ಟದ ದೂರದಲ್ಲೂ ಗಾಳಿಮಳೆಯ ಎಚ್ಚರಿಕೆ ಅದಕ್ಕೆ ಬರುತ್ತದೆ. ದೋಣಿ ಎಲ್ಲಿದೆ ಎಂಬುದು ಮನೆಯವರ ಫೋನಿನಲ್ಲಿ ಒಂದು ಚುಕ್ಕೆಯಾಗಿ ಕಾಣುತ್ತದೆ. ಕೂರಿಸಿದವರು ಕೂರಿಸಿ ಹೋದ ಮಾರನೆಯ ದಿನವೇ, ಯಾರೂ ಕರೆಯದೆ, ಸಿರಿಲ್ ಪೊರ್ಬುಗಳು ಬೆಳ್ಮಣ್ಣಿನಿಂದ ಎರಡು ಬಸ್ಸು ಬದಲಿಸಿ ಬಂದರಿಗೆ ಬಂದರು. ಚೀಲದಲ್ಲಿ ಗೋಣಿ. ದೋಣಿಯ ಕ್ಯಾಬಿನ್ ಮೇಲೆ ಹತ್ತಿ, ಪೆಟ್ಟಿಗೆಯ ಬಿಳಿ ಗುಮ್ಮಟಕ್ಕೆ ಒದ್ದೆ ಗೋಣಿ ಹೊದೆಸಿ ಕೂತರು. ಐಸ್ ತುಂಬಿಸುತ್ತಿದ್ದವರೆಲ್ಲ ಕೆಲಸ ಬಿಟ್ಟು ನೋಡಿದರು. ಪೊರ್ಬುಗಳು ಪೆಟ್ಟಿಗೆಗೆ ಸೀರೆ ಉಡಿಸುತ್ತಿದ್ದಾರೆ ಎಂದು ಯಾರೋ ಹೇಳಿ ನಗು ಎದ್ದಿತು. ಅಣ್ಣನಿಗೆ ಮರ್ಯಾದೆ ಹೋದ ಹಾಗಾಯಿತು. ಪೆಟ್ಟಿಗೆ ಗೋಣಿಯಲ್ಲಿ ಪಾಸಾಯಿತು. ಇದರ ಮೇಲೆ ಲೋಹದ್ದು ಎಂತದೂ ಇಡಬಾರದು ಎಂದು ಹೇಳಿ ಅವರು ಇಳಿದರು. ಅದನ್ನು ಮೂರು ಸಲ ಹೇಳಿದರಂತೆ. ಮೂರು ಸಲ ಹೇಳಿದ್ದರಿಂದಲೇ ಯಾರೂ ಕೇಳಿಸಿಕೊಳ್ಳಲಿಲ್ಲ ಎಂದು ನನ್ನ ಅಂದಾಜು.

ಮಳೆಗಾಲ ಕಳೆದು ದೋಣಿಗಳು ಹೊರಟ ಮೇಲೆ ಅಣ್ಣನದು ಒಂದೇ ದೂರು. ಕಡಲಕಾಗೆಗಳು ಆ ಗುಮ್ಮಟದ ಮೇಲೇ ಕೂತು ಗಲೀಜು ಮಾಡುತ್ತವೆ, ಉಪ್ಪು ಅಂಟುತ್ತದೆ, ಸರ್ಕಾರದ ಸಾಮಾನು ಹಾಳಾದರೆ ಯಾರಿಗೆ ಉತ್ತರ ಹೇಳುವುದು. ನಾನು ಅಟ್ಟದಿಂದ ಹಳೆಯ ಅಲ್ಯುಮಿನಿಯಂ ಪಾತ್ರೆಯೊಂದನ್ನು ಇಳಿಸಿ ಕೊಟ್ಟೆ. ಹಗುರ, ತುಕ್ಕು ಹಿಡಿಯುವುದಿಲ್ಲ, ಅಳತೆ ತೆಗೆದು ಮಾಡಿಸಿದ ಹಾಗೆ ಕೂರುತ್ತದೆ. ಅಣ್ಣ ಅದನ್ನು ಕವುಚಿ ಹಾಕಿ ನೈಲಾನ್ ಹಗ್ಗದಲ್ಲಿ ಬಿಗಿದು ಹೊರಟ. ಪಾತ್ರೆಯ ಯೋಚನೆ ಅವನದೇ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ದಿನಚರಿ ಬೇರೆ ಹೇಳುತ್ತದೆ: "ಪೆಟ್ಟಿಗೆಗೆ ಪಾತ್ರೆ ಕೊಟ್ಟೆ. ಒಳ್ಳೆಯ ಉಪಾಯ ಎಂದ."

ಹೊರಟ ನಾಲ್ಕನೆಯ ದಿನ ಬೆಳಿಗ್ಗೆ ಸಿರಿಲ್ ಪೊರ್ಬುಗಳ ಫೋನ್ ಬಂತು. ಲಕ್ಷದ್ವೀಪದ ಬದಿಯಲ್ಲಿ ಮೋಡ ಸುತ್ತಲು ಸುರು ಮಾಡಿದೆ, ಎಚ್ಚರಿಕೆ ಹೋಗಿದೆ, ದೋಣಿಗಳೆಲ್ಲ ತಿರುಗಿವೆ ಎಂದರು. ಸುಧಾಕರನ ಚುಕ್ಕೆ ಎಲ್ಲಿ ಉಂಟು ಎಂದು ಕೇಳಿದರು. ಚುಕ್ಕೆ ನಾಲ್ಕು ದಿನದಿಂದ ಮಲ್ಪೆಯಲ್ಲೇ ಇತ್ತು. ಅಣ್ಣ ಬಂದರಿನಲ್ಲೇ ಮಲಗಿದ್ದಾನೆ ಎಂದು ನಾನೂ ಅತ್ತಿಗೆಯೂ ತಮಾಷೆ ಮಾಡಿಕೊಂಡಿದ್ದೆವು. ನಿಮ್ಮ ಉಪಗ್ರಹಕ್ಕೇ ಏನೋ ಆಗಿರಬೇಕು ಎಂದು ಸಿಡುಕಿದೆ.

"ಅದಕ್ಕೆ ಎಂತದೂ ಆಗುವುದಿಲ್ಲ. ಪೆಟ್ಟಿಗೆಯ ಮೇಲೆ ಎಂತ ಇಟ್ಟಿದ್ದೀರಿ?"

ಇಲ್ಲಿಗೆ ಬಂದಾಗೆಲ್ಲ ನನ್ನ ಕೈ ನಿಲ್ಲುತ್ತದೆ. ಏನೂ ಇಟ್ಟಿಲ್ಲ ಎಂದೆ ಎಂದು ನನ್ನ ನೆನಪು. ಆ ಗಳಿಗೆಯಲ್ಲಿ ಪಾತ್ರೆ ನಿಜಕ್ಕೂ ಮರೆತಿತ್ತೋ, ನೆನಪಾಗಿಯೂ ಆ ಮನುಷ್ಯನಿಂದ ಇನ್ನೊಂದು ಪಾಠ ಕೇಳುವ ತಾಳ್ಮೆ ಇರಲಿಲ್ಲವೋ, ಗೊತ್ತಿಲ್ಲ. ಅಥವಾ ಗೊತ್ತಿಲ್ಲ ಎಂದು ಬರೆಯುವುದೇ ಸುಲಭವಾಗಿದೆಯೋ. ದಿನಚರಿಯಲ್ಲಿ ಇರುವುದು: "ಪೊರ್ಬು ಫೋನ್. ಪೆಟ್ಟಿಗೆ ಬಗ್ಗೆ ಕೇಳಿದರು." ನಾನು ಏನು ಹೇಳಿದೆ ಎಂಬುದು ಇಲ್ಲ. ಎಲ್ಲವನ್ನೂ ಬರೆಯುವವಳು ಅದನ್ನು ಬರೆದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೇರೆ ದೋಣಿಗಳು ಒಂದೊಂದಾಗಿ ಬಂದರು ಸೇರಿದವು. ಅಣ್ಣನದು ಬರಲಿಲ್ಲ. ಅತ್ತಿಗೆ ಅಳಲಿಲ್ಲ, ಫೋನಿನ ಚುಕ್ಕೆಯನ್ನು ಬೆರಳಿನಿಂದ ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡುತ್ತಾ ಕೂತಿದ್ದಳು. ಅದನ್ನು ನೋಡಲಾಗದೆ ಅಂಗಳಕ್ಕೆ ಬಂದು ಪೊರ್ಬುಗಳಿಗೆ ಫೋನ್ ಮಾಡಿದೆ. ಪಾತ್ರೆ ಇದೆ, ನಾನೇ ಕೊಟ್ಟದ್ದು ಎಂದೆ. ಬೈಗುಳಕ್ಕೆ ಕಾದೆ. "ಸರಿ. ಫೋನ್ ಇಡು," ಎಂದರು. ಅಷ್ಟೇ.

ಆ ದಿನ ಅವರು ಬಸ್ಸಿಗೆ ಕಾಯದೆ ಯಾರದೋ ಸ್ಕೂಟರಿನ ಹಿಂದೆ ಕೂತು, ನೆನೆಯುತ್ತಾ ಮಲ್ಪೆ ಮುಟ್ಟಿದರು. ಬಂದ ದೋಣಿಯೊಂದರ ವೈರ್‌ಲೆಸ್ ಹಿಡಿದು ಕೂತರು. ಅದು ಹೆಚ್ಚು ದೂರ ಮುಟ್ಟುವುದಿಲ್ಲ. ಇನ್ನೂ ದಾರಿಯಲ್ಲಿದ್ದ ದೋಣಿಗೆ ಇವರು ಹೇಳಿ, ಅದು ಅದರಾಚೆಯ ದೋಣಿಗೆ ಹೇಳಿ, ಹೀಗೆ ಬಾಯಿಂದ ಬಾಯಿಗೆ, ಉಳಿದದ್ದನ್ನು ಪೆಟ್ಟಿಗೆಯೇ ಹೇಳುತ್ತದೆಂದು, ಒಂದೇ ಮಾತು ಪಡುವಣಕ್ಕೆ ಹೋಯಿತು: ಸುಧಾಕರ, ಪೆಟ್ಟಿಗೆಯ ಮೇಲಿನ ಪಾತ್ರೆ ತೆಗಿ. ಆ ಗಾಳಿಯಲ್ಲಿ ಪಾತ್ರೆಯ ವಿಷಯ ಮಾತಾಡುವವರು ಯಾರೆಂದು ಅಣ್ಣನಿಗೆ ತಕ್ಷಣ ಹೊಳೆಯಿತಂತೆ. ಹಗ್ಗ ಕೊಯ್ದ. ಸಂಜೆ ನಾಲ್ಕೂವರೆಗೆ ಅತ್ತಿಗೆಯ ಫೋನಿನಲ್ಲಿ ಚುಕ್ಕೆ ಮಲ್ಪೆಯಿಂದ ಒಮ್ಮೆಲೇ ಹಾರಿ ನಡುಸಮುದ್ರದಲ್ಲಿ ಕೂತಿತು. ಎಚ್ಚರಿಕೆಗಳೆಲ್ಲ ಒಟ್ಟಿಗೆ ಬಂದು ಪೆಟ್ಟಿಗೆ ಕೂಗಿಕೊಂಡಿತಂತೆ. ಬಲೆ ಕಡಿದು ಬಿಟ್ಟು ಅವರು ಕಾರವಾರದ ಕಡೆಗೆ ಓಡಿದರು.

ಏಳು ಮಂದಿಯೂ ಅಣ್ಣನೂ ಬಂದರು. ಆದರೆ ದಡ ಸೇರುವ ಮೊದಲು ಒಂದು ಅಲೆ ಅಣ್ಣನನ್ನು ಚುಕ್ಕಾಣಿಯಿಂದ ಎತ್ತಿ ಕ್ಯಾಬಿನ್ ಗೋಡೆಗೆ ಹೊಡೆದಿತ್ತು. ಅವನ ಎಡಗೈ ಇವತ್ತಿಗೂ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಈಗ ಅವನು ದಡದಲ್ಲಿ ಬಲೆ ಹೊಲಿಸುವ ಕೆಲಸ ನೋಡುತ್ತಾನೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವಿನ ಆ ನಾಲ್ಕೈದು ಗಂಟೆ ಮೊದಲೇ ತಿರುಗಿದ್ದರೆ ಗಾಳಿ ಅವರನ್ನು ಮುಟ್ಟುತ್ತಲೇ ಇರಲಿಲ್ಲ. ಬೆಳಗಿನ ಆ ಫೋನಿನ ವಿಷಯ ಅವನಿಗೆ ಗೊತ್ತಿಲ್ಲ.

ಆಸ್ಪತ್ರೆಯಿಂದ ಅವನು ಮನೆಗೆ ಬಂದಾಗ ಸಿರಿಲ್ ಪೊರ್ಬುಗಳು ನೋಡಲು ಬಂದರು. ಮಂಚದ ಹತ್ತಿರ ಕುರ್ಚಿ ಹಾಕಿ ಕೂತು, ಎಲ್ಲರೆದುರು ನನ್ನನ್ನೇ ನೋಡಿ, "ಕಡಲಕಾಗೆಗೆ ಗೋಣಿಯೂ ಒಂದೇ ಪಾತ್ರೆಯೂ ಒಂದೇ. ಸಿಗ್ನಲಿಗೆ ಹಾಗಲ್ಲ, ಅದು ಲೋಹ ದಾಟುವುದಿಲ್ಲ. ಬಿ.ಎಸ್ಸಿ.ಯಲ್ಲಿ ಇದನ್ನು ಹೇಳುವುದಿಲ್ಲವಾ?" ಎಂದರು. ಅಣ್ಣ ನೋವಿನಲ್ಲೂ ನಕ್ಕ. ಪಾತ್ರೆಯ ವಿಷಯ ಒಂದು ಗಂಟೆ ಮಾತಾಡಿದರು. ಬೆಳಗಿನ ಫೋನಿನ ಸುದ್ದಿ ಎತ್ತಲಿಲ್ಲ. ಈಗ ಎತ್ತುತ್ತಾರೆ, ಈಗ ಎತ್ತುತ್ತಾರೆ ಎಂದು ನಾನು ಬಾಗಿಲಿಗೆ ಒರಗಿ ನಿಂತೇ ಇದ್ದೆ.

ಈ ವರ್ಷ ಮಳೆ ಹಿಡಿದ ವಾರದಲ್ಲಿ ಅವರು ತೀರಿಕೊಂಡರು. ಬೆಳ್ಮಣ್ಣಿನ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಅವರ ಮರಣದ ಪೂಜೆಯ ಹೊತ್ತಿಗೆ ಜೋರು ಮಳೆ. ಅವರು ಕೂರಿಸಿದ ಡಿಶ್‌ಗಳೆಲ್ಲ ಆಗ ಚಿತ್ರ ಹಿಡಿದುಕೊಂಡೇ ಇದ್ದವೆಂದು ನನಗೆ ಖಂಡಿತ ಗೊತ್ತು. ನಮ್ಮ ಮನೆಯದು ಹಿಡಿದಿತ್ತು.

ಕೊನೆಯ ಸಲ ಕಂಡದ್ದು ಏಪ್ರಿಲಿನಲ್ಲಿ, ಅವರ ಮನೆಯ ಜಗಲಿಯಲ್ಲಿ. ತುಂಬ ಇಳಿದುಹೋಗಿದ್ದರು. ಮಡಿಲಲ್ಲಿ ಫೋನ್, ಫೋನಿನಲ್ಲಿ ಮೋಡ. ಗೋಣಿ ಕಿಟಕಿಯ ಸರಳಿಗೆ ಒಣಗಿ ಸೆಟೆದು ನಿಂತಿತ್ತು. ನಾನು ಹೋದದ್ದು ಒಂದೇ ಮಾತು ಕೇಳಲಿಕ್ಕೆ. ಅವತ್ತು ಬೆಳಿಗ್ಗೆ ನೀವು ಕೇಳಿದಾಗ ನಾನು ಏನು ಹೇಳಿದೆ, ನಿಮಗೆ ನೆನಪಿರಬೇಕಲ್ಲ ಎಂದೆ. ಈ ಜಗತ್ತಿನಲ್ಲಿ ಆ ಮಾತು ಕೇಳಿದವರು ಅವರೊಬ್ಬರೇ.

ಅವರು ಮೋಡದ ಚಿತ್ರವನ್ನು ಸ್ವಲ್ಪ ಹೊತ್ತು ಹಿಂದೆ ಮುಂದೆ ಓಡಿಸಿದರು.

"ನನಗೆ ಸರಿಯಾಗಿ ಕೇಳಲಿಲ್ಲ ಮಾರಾಯ್ತಿ," ಎಂದರು. "ಅವತ್ತು ಸಿಗ್ನಲ್ ಇರಲಿಲ್ಲ."

ಉಡುಪಿಯ ಬಸ್ಸಿನಲ್ಲಿ ಕೂತ ತಕ್ಷಣ ದಿನಚರಿ ತೆಗೆದು, ಆ ಮಾತನ್ನು ಅವರು ಹೇಳಿದ ಹಾಗೆಯೇ ಬರೆದುಕೊಂಡೆ. ಬಸ್ಸು ಕುಲುಕುತ್ತಿದ್ದದ್ದರಿಂದ ಅಕ್ಷರ ನೆಟ್ಟಗಿಲ್ಲ.